ಚಕ್ರ ತಿರುಗ್ತಾನೇ ಇದೆ, ಪೇಜ್ ಬರ್ತಾ ಇಲ್ಲ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೇ ಬದಲಾಗಿವೆ. ಮೊದಲು ಯಾವ ಪ್ರಿಂಟರ್ ತಗೊಳ್ಳಲಿ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಎಂದು ಕೇಳುತ್ತಿದ್ದರು. ಈಗ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಸಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೂ ಒಂದೇ ರಾಗ: "ಸಾರ್, ನೆಟ್ ಇದೆ, ಪೇಜ್ ಓಪನ್ ಆಗ್ತಾ ಇಲ್ಲ." ಅಷ್ಟೇ, ಪತ್ರ ಮುಗೀತು. ಪರದೆ ಮೇಲೆ ಏನು ಬರೆದಿತ್ತು ಮಾರಾಯ್ರೆ? ಡಾಕ್ಟರ ಹತ್ತಿರ ಹೋಗಿ "ನೋವು" ಎಂದಷ್ಟೇ ಹೇಳಿ ಕೂತರೆ ಅವರು ತಾನೇ ಏನು ಮಾಡ್ತಾರೆ? ಪರದೆಯ ಅಕ್ಷರಗಳನ್ನು ಸರಿಯಾಗಿ ನೋಡಿ ಬರೆದವರು ಕೆಲವರು ಮಾತ್ರ. ಅವರ ಪ್ರಶ್ನೆಗಳನ್ನೇ ಈ ಸಲ ಎತ್ತಿಕೊಂಡಿದ್ದೇನೆ. ಪಕ್ಷಪಾತ ಅಂದ್ರೆ ಅನ್ನಿ.

ಉಳಿದವರು ಎರಡು ವಿಷಯ ನೋಡಿಕೊಂಡು ಮತ್ತೆ ಬರೆಯಿರಿ. ಒಂದೇ ಸೈಟ್ ಬರುತ್ತಿಲ್ಲವೋ, ಯಾವುದೂ ಬರುತ್ತಿಲ್ಲವೋ? ಒಂದು ಕಂಪ್ಯೂಟರ್‌ನಲ್ಲಿ ಮಾತ್ರ ಹೀಗೋ, ಮನೆಯವರ ಎಲ್ಲರದ್ದೂ ಹೀಗೋ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ: ತೋಟದ ಲೆಕ್ಕ ಬರೆಯೋಕೆ ಅಂತ ಇಟ್ಟ ಹಳೆ ಡೆಸ್ಕ್‌ಟಾಪ್ ಇದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಯಾವ ಸೈಟೂ ತೆರೆಯಲ್ಲ. 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಅಂತ ಬರುತ್ತೆ, ಕೆಳಗೆ ಸಣ್ಣ ಅಕ್ಷರದಲ್ಲಿ 'ಡೇಟ್ ಇನ್‌ವ್ಯಾಲಿಡ್' ಅಂತ ಇದೆ. ಅದೇ ನೆಟ್‌ನಲ್ಲಿ ಮಗಳ ಮೊಬೈಲ್ ಚೆನ್ನಾಗೇ ಓಡುತ್ತೆ. ಪೇಟೆಯಲ್ಲಿ ಕೇಳಿದ್ರೆ ವಿಂಡೋಸ್ ಮತ್ತೆ ಹಾಕ್ಬೇಕು ಅಂದ್ರು. ಹಾಕಿಸ್ಲಾ?
ಅಡಿಕೆ ಬೆಳೆಗಾರರು, ಸಿರಸಿ ತಾಲ್ಲೂಕು

ಉತ್ತರ: ಬೇಡ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ತಾರೀಕು ಎಷ್ಟಿದೆ ನೋಡಿ. 2009 ಅಂತಲೋ 2012 ಅಂತಲೋ ಇರುತ್ತದೆ. ಬೇಕಿದ್ದರೆ ಪಂಥ ಕಟ್ಟುತ್ತೇನೆ.

ಬೀಗದ ಗುರುತಿರುವ ಪ್ರತಿ ಸೈಟೂ ಬ್ರೌಸರ್‌ಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. ಈಗ ಎಷ್ಟೋ ಸೈಟ್‌ಗಳದ್ದು ಬರೀ 90 ದಿನದ ಪತ್ರ. ನಿಮ್ಮ ಕಂಪ್ಯೂಟರ್ ತಾನಿನ್ನೂ 2009ರಲ್ಲಿ ಇದ್ದೇನೆ ಅಂದುಕೊಂಡಿದೆ. ಅದರ ಕಣ್ಣಿಗೆ ಇದು ಇನ್ನೂ ಹುಟ್ಟದ ಮಗುವಿನ ಗುರುತಿನ ಚೀಟಿ. ಹಾಗಾಗಿ ಬಾಗಿಲು ಹಾಕುತ್ತದೆ. ಮಗಳ ಮೊಬೈಲ್ ಸಮಯವನ್ನು ನೆಟ್‌ವರ್ಕ್‌ನಿಂದಲೇ ತಗೊಳ್ಳುತ್ತದೆ, ಅದಕ್ಕೆ ಈ ತಾಪತ್ರಯ ಇಲ್ಲ.

ಕರೆಂಟ್ ಹೋದಾಗಲೇ ಯಾಕೆ ಹೀಗೆ ಅಂದ್ರೆ, ಕಂಪ್ಯೂಟರ್ ಆಫ್ ಮಾಡಿದ್ದರೂ ಗೋಡೆಯ ಸ್ವಿಚ್ ಆನ್ ಇರುವವರೆಗೆ ಒಳಗಿನ ಗಡಿಯಾರಕ್ಕೆ ಚೂರು ಕರೆಂಟ್ ಸಿಗುತ್ತಾ ಇರುತ್ತದೆ. ಅದು ತಪ್ಪಿದಾಗ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡ್ ಮೇಲಿನ ನಾಣ್ಯದಷ್ಟು ದೊಡ್ಡ ಒಂದು ಸೆಲ್. ಸಿಆರ್2032 ಅಂತ, 3 ವೋಲ್ಟಿನದ್ದು. ಅದು ಸತ್ತಿದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ನಾನೂ ಇದರಲ್ಲಿ ಎಡವಿದವನೇ. ಕೆಲವು ವರ್ಷದ ಹಿಂದೆ ಪಕ್ಕದ ಮನೆ ಮಾಸ್ತರರ ಕಂಪ್ಯೂಟರ್‌ಗೆ ಹೀಗೇ ಆಗಿತ್ತು. ಒಂದಿಡೀ ಭಾನುವಾರ ಕೂತು ಅವರ ಫೋಟೋಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ, ಡಿಸ್ಕ್ ಒರೆಸಿ, ವಿಂಡೋಸ್ ಹೊಸದಾಗಿ ಹಾಕಿದೆ. ಬ್ರೌಸರ್ ತೆರೆದರೆ ಅದೇ ಎಚ್ಚರಿಕೆ, ಅದೇ ಕೆಂಪು ತ್ರಿಕೋನ. ಚಾ ತಂದಿಟ್ಟ ಮಾಸ್ತರರ ಹೆಂಡತಿ ಪರದೆ ಕಡೆ ನೋಡಿ, "ಇದರಲ್ಲಿ ಜನವರಿ ಅಂತ ಇದ್ಯಲ್ಲ, ಹೊರಗೆ ನೋಡಿದ್ರೆ ಮಳೆ ಹೊಯ್ತಾ ಇದೆ" ಅಂದರು. ನಾನು ಚಾ ಕುಡಿದು ಸುಮ್ನೆ ಮನೆಗೆ ಹೋದೆ, ಮಾರನೇ ದಿನ ಸೆಲ್ ತಂದು ಹಾಕಿದೆ.

ನೀವೇ ಹಾಕಬಹುದು. ವೈರ್‌ಗಳನ್ನೆಲ್ಲ ಬಿಚ್ಚಿ, ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆಯಿರಿ. ಅಲ್ಲಿ ಹಲ್ಲಿ ಮೊಟ್ಟೆ, ಇರುವೆ ಗೂಡು ಏನು ಕಂಡರೂ ಹೆದರಬೇಡಿ, ಒಣ ಬ್ರಷ್‌ನಲ್ಲಿ ಗುಡಿಸಿ. ಕ್ಯಾಬಿನೆಟ್ಟಿನ ಬರೀ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಮೈಯಲ್ಲಿ ಸ್ಥಿರ ವಿದ್ಯುತ್ ಇದ್ದರೆ ಇಳಿಯಲಿ. ಸೆಲ್ಲಿನ ಪಕ್ಕ ಸಣ್ಣ ಕೊಕ್ಕೆ ಇರುತ್ತದೆ. ಅದನ್ನು ಉಗುರಿನಲ್ಲಿ ಒತ್ತಿದರೆ ಸೆಲ್ ಟಕ್ ಅಂತ ಮೇಲೆ ಏಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿ. ಆಮೇಲೆ ತಾರೀಕು, ಇಸವಿ, ಸಮಯ ಕೈಯಾರೆ ಸರಿಮಾಡಿ. ನೆಟ್ ಇದ್ದರೆ ವಿಂಡೋಸ್ ತಾನೇ ಸರಿ ಮಾಡ್ಕೊಳ್ಳಲ್ವಾ ಅಂತ ಕೇಳಬಹುದು. ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ಅದು ತಾನಾಗಿ ಮುಟ್ಟಲು ಹೋಗುವುದಿಲ್ಲ. ನಿಮ್ಮದು ವರ್ಷಗಟ್ಟಲೆ ಹಿಂದಿದೆ.

ಪ್ರಶ್ನೆ: ವೈಫೈ ಫುಲ್ ಗೀಟು ತೋರಿಸುತ್ತೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಏನೂ ತೆರೆಯಲ್ಲ. 'ನೇಮ್ ನಾಟ್ ರಿಸಾಲ್ವ್ಡ್' ಅಂತ ಬರುತ್ತೆ. ಮೊಬೈಲ್‌ನಲ್ಲಿ ಎಲ್ಲ ಬರುತ್ತೆ. ಶಾಲೆಯ ಆನ್‌ಲೈನ್ ಕೆಲಸ ಎಲ್ಲ ಬಾಕಿ ಉಳಿದಿದೆ.
ಶಿಕ್ಷಕಿ, ಸದಾಶಿವಗಡ, ಕಾರವಾರ

ಉತ್ತರ: ಮೊದಲು ಒಂದು ಅನುಮಾನ ತೀರಿಸಿಕೊಳ್ಳೋಣ. ಮೊಬೈಲ್‌ನಲ್ಲಿ ನೋಡುವಾಗ ಮೊಬೈಲ್ ಡೇಟಾ ಆಫ್ ಮಾಡಿದ್ರಾ? ವೈಫೈ ಕೈಕೊಟ್ಟರೆ ಫೋನು ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಹೋಗಿಬಿಡುತ್ತದೆ. ನಾವು ರೂಟರ್ ಸರಿ ಇದೆ ಅಂದುಕೊಂಡು ಪಾಪದ ಲ್ಯಾಪ್‌ಟಾಪನ್ನು ಬೈಯುತ್ತಾ ಕೂರುತ್ತೇವೆ. ಡೇಟಾ ಆಫ್ ಮಾಡಿದ ಮೇಲೂ ಫೋನಿನಲ್ಲಿ ಬಂದರೆ ಮಾತ್ರ ತಪ್ಪು ಲ್ಯಾಪ್‌ಟಾಪಿನದು.

ನಿಮ್ಮ ಪರದೆ ಹೇಳುವುದು ಇಷ್ಟು: ಹೆಸರು ಗೊತ್ತು, ಮನೆ ಗೊತ್ತಿಲ್ಲ. ನಮ್ಮ ಕಡೆ ಹಳ್ಳಿಯಲ್ಲಿ ಬಸ್ಸಿಳಿದು ಮೇಲಿನಮನೆ ಎಲ್ಲಿ ಅಂತ ಯಾರನ್ನು ಕೇಳುತ್ತೇವೆ? ಸ್ಟಾಪ್ ಹತ್ತಿರದ ಗೂಡಂಗಡಿಯವರನ್ನು. ಇಂಟರ್‌ನೆಟ್‌ನಲ್ಲಿ ಆ ಗೂಡಂಗಡಿಗೆ ಡಿಎನ್‌ಎಸ್ ಎಂದು ಹೆಸರು. ನೀವು ಸೈಟಿನ ಹೆಸರು ಬರೆದರೆ ಅದು ಅಂಕಿಗಳ ವಿಳಾಸ ಹೇಳಿ ಕಳಿಸುತ್ತದೆ. ರಸ್ತೆ ಚೆನ್ನಾಗಿದ್ದರೂ ಅಂಗಡಿ ಬಾಗಿಲು ಹಾಕಿದ್ದರೆ ನೀವು ಸ್ಟಾಪ್‌ನಲ್ಲೇ ನಿಂತಿರಬೇಕು. ಪರೀಕ್ಷೆ ಸುಲಭ. ಸ್ಟಾರ್ಟ್ ಮೆನುವಿನಲ್ಲಿ cmd ಎಂದು ಹುಡುಕಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ, ಆ ಕಪ್ಪು ಕಿಟಕಿಯಲ್ಲಿ ping 1.1.1.1 ಎಂದು ಬರೆದು ಎಂಟರ್ ಒತ್ತಿ. ಹೆಸರೇ ಬೇಡದ ವಿಳಾಸ ಅದು. ಅಲ್ಲಿಂದ ಉತ್ತರ ಬಂತು ಅಂದ್ರೆ ರಸ್ತೆ ಸರಿ ಇದೆ, ಅಂಗಡಿಯದ್ದೇ ತೊಂದರೆ.

ಆಗ ಅಂಗಡಿ ಬದಲಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ನಿಮ್ಮ ವೈಫೈನ ಪ್ರಾಪರ್ಟೀಸ್, ಅಲ್ಲಿ ಡಿಎನ್‌ಎಸ್ ಪಕ್ಕದ ಎಡಿಟ್. ಮ್ಯಾನ್ಯುಯಲ್ ಮಾಡಿ, ಐಪಿವಿ4 ಆನ್ ಮಾಡಿ, ಮೊದಲನೆಯದಕ್ಕೆ 8.8.8.8, ಎರಡನೆಯದಕ್ಕೆ 1.1.1.1 ಹಾಕಿ. ಮೊದಲನೆಯದು 2009ರಿಂದ ಗೂಗಲ್ ನಡೆಸುತ್ತಿರುವುದು, ಎರಡನೆಯದು 2018ರಲ್ಲಿ ಕ್ಲೌಡ್‌ಫ್ಲೇರ್ ತೆರೆದದ್ದು. ಎರಡಕ್ಕೂ ದುಡ್ಡಿಲ್ಲ. ಅಲ್ಲಿ ಮೊದಲೇ ಯಾರೋ ಬೇರೆ ಅಂಕಿ ಹಾಕಿಟ್ಟಿದ್ದರೆ ಕಳ್ಳ ಸಿಕ್ಕಿದ ಹಾಗೇ.

ಅದಕ್ಕೂ ಬಗ್ಗದಿದ್ದರೆ ಮನೆಯವರನ್ನು ವಿಚಾರಿಸಿ. ರಜೆಗೆ ಬಂದ ಅಳಿಯನೋ ತಮ್ಮನ ಮಗನೋ ಐಪಿಎಲ್ ನೋಡೋಕೆ ಅಂತ ಯಾವುದಾದರೂ ಬಿಟ್ಟಿ ವಿಪಿಎನ್ (ನೆಟ್ಟನ್ನು ಬೇರೆ ಊರಿನ ದಾರಿಯಲ್ಲಿ ಸುತ್ತಿಸಿ ತರುವ ಆ್ಯಪ್) ಹಾಕಿ ಹೋಗಿದ್ದಾರಾ? ಅಂಥವು ಅರ್ಧಂಬರ್ಧ ತೆಗೆದ ಮೇಲೂ ಡಿಎನ್‌ಎಸ್ ಮತ್ತು ಪ್ರಾಕ್ಸಿ (ನಿಮಗೂ ಸೈಟಿಗೂ ನಡುವಿನ ದಲ್ಲಾಳಿ) ಸೆಟ್ಟಿಂಗ್ ಕೆಡಿಸಿಟ್ಟು ಹೋಗುತ್ತವೆ. ಅದೇ ನೆಟ್‌ವರ್ಕ್ ಪಟ್ಟಿಯಲ್ಲಿ ಪ್ರಾಕ್ಸಿ ಎಂದಿದೆ. ಮನೆ ಕಂಪ್ಯೂಟರ್‌ಗೆ ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಕೈಯಾರೆ ಹಾಕಿದ ಪ್ರಾಕ್ಸಿ ಆನ್ ಇದ್ದರೆ ಆಫ್ ಮಾಡಿ.

ಪ್ರಶ್ನೆ: ಎಲ್ಲ ಸೈಟೂ ಬರುತ್ತೆ, ನಮ್ಮ ಬ್ಯಾಂಕಿನದು ಮಾತ್ರ ಬಿಳಿ ಹಾಳೆ.
ಒಬ್ಬ ಓದುಗರು, ಕುಮಟಾ

ಉತ್ತರ: ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ. ಕ್ರೋಮ್‌ನಲ್ಲಿ ಕಪ್ಪು ಬಣ್ಣದ ಇನ್‌ಕಾಗ್ನಿಟೋ ಕಿಟಕಿ ತೆರೆಯುತ್ತದೆ. ಅದರಲ್ಲಿ ಬ್ಯಾಂಕ್ ಸೈಟ್ ಬಂತಾ? ಬಂತು ಅಂದ್ರೆ ಬ್ಯಾಂಕಿನದ್ದು ತಪ್ಪಿಲ್ಲ. ನಿಮ್ಮ ಬ್ರೌಸರ್‌ನಲ್ಲಿ ಕೂಡಿಟ್ಟ ಹಳೇ ಕಡತ ಕೊಳೆತಿದೆ, ಇಲ್ಲವೇ ಜಾಹೀರಾತು ತಡೆಯೋಕೆ ಹಾಕಿಕೊಂಡ ಎಕ್ಸ್‌ಟೆನ್ಷನ್ ಬ್ಯಾಂಕಿನ ಪೇಜನ್ನೂ ನುಂಗುತ್ತಿದೆ. ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಆಮೇಲೆ ವಿಳಾಸದ ಎಡಗಡೆಯ ಗುರುತು ಒತ್ತಿ ಆ ಒಂದು ಸೈಟಿನ ಕುಕ್ಕಿ (ಸೈಟು ನಿಮ್ಮ ಬ್ರೌಸರ್‌ನಲ್ಲಿ ಬರೆದಿಟ್ಟ ಸಣ್ಣ ಗುರುತು) ಮಾತ್ರ ಅಳಿಸಿ. ಎಲ್ಲವನ್ನೂ ಒಟ್ಟಿಗೆ ಅಳಿಸೋಕೆ ಹೋಗಬೇಡಿ, ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಪಾಸ್‌ವರ್ಡ್ ನೆನಪಿಲ್ಲ ಅಂತ ಮತ್ತೆ ನನಗೇ ಬರೆಯುತ್ತೀರಿ.

503 ಎಂಬ ಅಂಕಿ ಬಂದರೆ ಅದು ಅವರ ಸರ್ವರಿನ ಕಷ್ಟ. ಊಟ ಮಾಡಿ ಬಂದು ನೋಡಿ.

ಪ್ರಶ್ನೆ: ವಿಂಡೋಸ್ 7 ಇದೆ, ಚೆನ್ನಾಗಿದೆ. ಕ್ರೋಮ್ ಅಪ್‌ಡೇಟ್ ಆಗಲ್ಲ. ನೀಲಿ 'ಇ'ಯಲ್ಲಿ ಅರ್ಧ ಪೇಜ್ ಬರುತ್ತೆ, ಬಟನ್ ಒತ್ತಿದ್ರೆ ಏನೂ ಆಗಲ್ಲ. ಹೊಸ ಕಂಪ್ಯೂಟರ್ ತಗೊಳ್ಳಲೇಬೇಕಾ?
ನಿವೃತ್ತ ನೌಕರರು, ಅಂಕೋಲಾ

ಉತ್ತರ: ಚೆನ್ನಾಗಿದೆ ಎಂದಿದ್ದೀರಿ, ಇರಬಹುದು, ಆದರೆ ಅದಕ್ಕೆ ದಿಕ್ಕಿಲ್ಲ. ಮೈಕ್ರೋಸಾಫ್ಟ್ ವಿಂಡೋಸ್ 7ನ್ನು 2020ರ ಜನವರಿ 14ಕ್ಕೇ ಕೈಬಿಟ್ಟಿತು. ಅದರಲ್ಲಿ ಓಡುವ ಕೊನೆಯ ಕ್ರೋಮ್ 109. ಆಮೇಲಿನದಕ್ಕೆ ವಿಂಡೋಸ್ 10 ಬೇಕು. ನೀಲಿ 'ಇ', ಅಂದ್ರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್, 2022ರ ಜೂನ್ 15ಕ್ಕೆ ನಿವೃತ್ತಿ ಆಯಿತು. ನಿಮಗಾದರೂ ಪಿಂಚಣಿ ಬರುತ್ತದೆ, ಅದಕ್ಕೆ ಅದೂ ಇಲ್ಲ. ಹೊಸ ಸೈಟ್‌ಗಳನ್ನು ಬರೆದಿರುವ ರೀತಿ ಅದಕ್ಕೆ ಅರ್ಥವಾಗುವುದಿಲ್ಲ, ಆದ್ದರಿಂದ ಬಟನ್ ಕಾಣುತ್ತದೆ, ಕೆಲಸ ಮಾಡುವುದಿಲ್ಲ.

ಸದ್ಯಕ್ಕೆ ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿ ಹಾಕಿಕೊಳ್ಳಿ. ಅದು ವಿಂಡೋಸ್ 7ರಲ್ಲೂ ಓಡುತ್ತದೆ, ಪೇಪರ್ ಓದೋಕೆ, ಯಕ್ಷಗಾನದ ವಿಡಿಯೋ ನೋಡೋಕೆ ಸಾಕು. ಆದರೆ ಬ್ಯಾಂಕಿನ ಕೆಲಸ ಈ ಯಂತ್ರದಲ್ಲಿ ಬೇಡವೇ ಬೇಡ. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಇನ್ನೊಂದು ದಾರಿ ಇದೆ. 4 ಜಿಬಿ ರ‍್ಯಾಮ್ ಇದ್ದರೆ ಹಳೆ ಹಾರ್ಡ್‌ಡಿಸ್ಕ್ ತೆಗೆಸಿ ಒಂದು ಎಸ್‌ಎಸ್‌ಡಿ ಹಾಕಿಸಿ, ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ. ಬ್ರೌಸರ್ ಹೊಸದು ಸಿಗುತ್ತದೆ, ಕನ್ನಡವೂ ಬರುತ್ತದೆ. ಒಂದು ವಾರ ಹೊಸ ಮನೆಗೆ ಬಂದ ಹಾಗೆ ಅನಿಸುತ್ತದೆ, ಯಾವ ಸ್ವಿಚ್ ಎಲ್ಲಿದೆ ಗೊತ್ತಾಗಲ್ಲ. ಆಮೇಲೆ ಕೈ ತಾನೇ ಹೋಗುತ್ತದೆ. ಇದು ನನ್ನ ಅಭಿಪ್ರಾಯ. ಅಂಗಡಿಯವರು ಬೇರೆ ಹೇಳಬಹುದು, ಅವರಿಗೆ ಮಾರೋಕೂ ಇದೆಯಲ್ಲ.

ಪ್ರಶ್ನೆ: ಹಾಲ್‌ನಲ್ಲಿ ಎಲ್ಲ ಬರುತ್ತೆ, ಹಿಂದಿನ ಕೋಣೆಯಲ್ಲಿ ಪೇಜ್ ಬರೋದೇ ಇಲ್ಲ, ಡೈನೋಸಾರ್ ಬರುತ್ತೆ. ಅದು ವೈರಸ್ಸಾ?
ಗೃಹಿಣಿ, ಹೊನ್ನಾವರ

ಉತ್ತರ: ಅಲ್ಲ ಅಕ್ಕ. ನೆಟ್ ಇಲ್ಲದಾಗ ಹೊತ್ತು ಕಳೆಯಲಿ ಅಂತ ಕ್ರೋಮ್‌ನವರು 2014ರಲ್ಲಿ ಇಟ್ಟ ಆಟ. ಸ್ಪೇಸ್ ಬಾರ್ ಒತ್ತಿದರೆ ಓಡುತ್ತದೆ. ಮಕ್ಕಳಿಗೆ ತೋರಿಸಬೇಡಿ, ನೆಟ್ ಬಂದರೂ ಎದ್ದು ಹೋಗುವುದಿಲ್ಲ.

ನಿಮ್ಮದು ಚಿರೆಕಲ್ಲಿನ ಹಳೇ ಮನೆ ಎಂದು ಬರೆದಿದ್ದೀರಿ, ಕಾರಣ ಅಲ್ಲೇ ಇದೆ. ರೂಟರ್ ಎರಡು ತರಂಗ ಬಿಡುತ್ತದೆ. 5 ಗಿಗಾಹರ್ಟ್ಸ್‌ನದ್ದು ವೇಗ, ಆದರೆ ದಪ್ಪ ಗೋಡೆ ದಾಟೋಕೆ ಸೋಲುತ್ತದೆ. 2.4ರದ್ದು ನಿಧಾನ, ಆದರೆ ಗೋಡೆ ಹಾದು ಬರುತ್ತದೆ. ಹಿಂದಿನ ಕೋಣೆಯಲ್ಲಿ 5 ಎಂದು ಕೊನೆಯಲ್ಲಿರುವ ಹೆಸರು ಬಿಟ್ಟು ಇನ್ನೊಂದಕ್ಕೆ ಸೇರಿಸಿ. ಆಗಲೂ ಬರದಿದ್ದರೆ ಒಂದು ಲ್ಯಾನ್ ಕೇಬಲ್ ಎಳೆಸಿಬಿಡಿ. ಒಂದು ಸಲದ ಖರ್ಚು.

ರೂಟರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ಮಾತ್ರ ಕಂಪ್ಯೂಟರ್ ಮುಟ್ಟಬೇಡಿ. ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ಮರ ಬಿದ್ದು ಫೈಬರ್ ತುಂಡಾಗಿರುತ್ತದೆ, ಅಥವಾ ಪೆಟ್ಟಿಗೆಯ ಹಿಂದೆ ವೈರ್ ಮಡಚಿಕೊಂಡಿರುತ್ತದೆ. ಫೋನ್ ಮಾಡಿ ದೂರು ಕೊಡುವುದೊಂದೇ ದಾರಿ. ಸಿಡಿಲು ಶುರುವಾದರೆ ರೂಟರ್‌ನ ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕಿತ್ತಿಡಿ. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಅಡಾಪ್ಟರ್ ಇರುವುದು ಮನೆಯ ವೈರಿಂಗ್‌ನಲ್ಲೇ ಅಲ್ವಾ.

ಪ್ರಶ್ನೆ: ಏನೋ ಹುಡುಕುವಾಗ ಪರದೆ ತುಂಬಾ ಕೆಂಪಗಾಗಿ 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಅಂತ ಇಂಗ್ಲಿಷಲ್ಲಿ ಕೂಗೋಕೆ ಶುರುವಾಯ್ತು. ಬೇರೆ ಪೇಜ್ ತೆರೆಯೋಕೂ ಬಿಡಲ್ಲ.
ಕಾಲೇಜು ವಿದ್ಯಾರ್ಥಿ, ಭಟ್ಕಳ

ಉತ್ತರ: ಫೋನ್ ಮಾಡಿಲ್ಲ ತಾನೇ? ಸರಿ. ಅದು ಬರೀ ಒಂದು ವೆಬ್ ಪೇಜ್, ಹೆದರಿಸೋಕೆ ಮಾಡಿದ್ದು. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಪರದೆ ಸಣ್ಣದಾಗುತ್ತದೆ, ಮುಚ್ಚಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ಮುಗಿಸಿ. ಮತ್ತೆ ತೆರೆದಾಗ ಹಳೇ ಪೇಜ್‌ಗಳನ್ನು ವಾಪಸ್ ತರಲಾ ಎಂದು ಕೇಳಿದರೆ ಬೇಡ ಅನ್ನಿ. ಯಾರಾದರೂ ಅಂಥ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಲಿ. ಅದು ಸರ್ಕಾರದ ಸೈಬರ್ ಸಹಾಯವಾಣಿ.

ಪ್ರಶ್ನೆ: ಗೂಗಲ್, ಯೂಟ್ಯೂಬ್ ಬರುತ್ತೆ, ಬೇರೆ ಕೆಲವು ಸೈಟ್ ಮಾತ್ರ ಸುತ್ತಿ ಸುತ್ತಿ ನಿಂತುಬಿಡುತ್ತೆ ಅಂತ ಎರಡು ತಿಂಗಳ ಹಿಂದೆ ಬರೆದಿದ್ದೆ. ಕೂಡಿಟ್ಟ ಕಡತ ಅಳಿಸಿ, ಡಿಎನ್‌ಎಸ್ ಬದಲಿಸಿ ಅಂದ್ರಿ. ಎರಡೂ ಮಾಡಿದೆ, ಹಾಗೇ ಇದೆ. ಹೊಸ ರೂಟರ್ ಹಾಕಿದ ಮೇಲೇ ಶುರುವಾಗಿದ್ದು ಅಂತ ಆಗಲೇ ಬರೆದಿದ್ದೆ. ನೀವು ಓದಿಲ್ಲ ಅನಿಸುತ್ತೆ.
ಅದೇ ಓದುಗರು, ಯಲ್ಲಾಪುರ

ಉತ್ತರ: ಓದಿದ್ದೆ, ಗಮನ ಕೊಡಲಿಲ್ಲ. ತಪ್ಪು ನನ್ನದು. ಪರದೆ ನೋಡಿ ಬರೆಯಿರಿ ಅಂತ ಎಲ್ಲರಿಗೂ ಬೈದು, ಬರೆದದ್ದನ್ನು ನಾನೇ ಸರಿಯಾಗಿ ನೋಡಲಿಲ್ಲ.

ನಿಮ್ಮದು ಬಹುಶಃ ಎಂಟಿಯು ತೊಂದರೆ, ಅಂದ್ರೆ ಒಂದು ಕಟ್ಟು ಎಷ್ಟು ದೊಡ್ಡದಿರಬಹುದು ಎಂಬ ಮಿತಿಯದ್ದು. ಇಂಟರ್‌ನೆಟ್‌ನಲ್ಲಿ ಪೇಜ್ ಇಡಿಯಾಗಿ ಬರುವುದಿಲ್ಲ, ಸಣ್ಣ ಸಣ್ಣ ಕಟ್ಟಾಗಿ ಬರುತ್ತದೆ. ಒಂದು ಕಟ್ಟು ಸಾಮಾನ್ಯವಾಗಿ 1500 ಬೈಟ್‌ವರೆಗೆ ಇರಬಹುದು. ಆದರೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಸಂಪರ್ಕದಲ್ಲಿ ಪ್ರತಿ ಕಟ್ಟಿಗೂ 8 ಬೈಟ್ ಹೆಚ್ಚುವರಿ ಹಗ್ಗ ಸುತ್ತಬೇಕು. ಉಳಿಯುವುದು 1492. ರೂಟರ್‌ನಲ್ಲಿ ಇದು ಸರಿಯಾಗಿ ಇಲ್ಲದಿದ್ದರೆ ದೊಡ್ಡ ಕಟ್ಟುಗಳು, ಹುಲ್ಲು ಜಾಸ್ತಿ ಹೇರಿದ ಲಾರಿ ಕಮಾನಿನ ಕೆಳಗೆ ಸಿಕ್ಕಿಕೊಂಡ ಹಾಗೆ, ದಾರಿಯಲ್ಲೇ ನಿಲ್ಲುತ್ತವೆ. ಕಟ್ಟು ದೊಡ್ಡದಾಯಿತು ಎಂಬ ಸುದ್ದಿ ಕಳಿಸಿದವರಿಗೆ ವಾಪಸ್ ಮುಟ್ಟಬೇಕು. ನಡುವೆ ಯಾವುದೋ ಫೈರ್‌ವಾಲ್, ಅಂದ್ರೆ ನೆಟ್‌ವರ್ಕಿನ ಕಾವಲುಗಾರ, ಆ ಸುದ್ದಿಯನ್ನೂ ತಡೆದರೆ ಅವರು ಅಲ್ಲಿ ಕಾಯುತ್ತಾರೆ, ನೀವು ಇಲ್ಲಿ ಕಾಯುತ್ತೀರಿ. ಗೂಗಲ್, ಯೂಟ್ಯೂಬ್ ಬರುವುದು ಯಾಕೆಂದರೆ ಕ್ರೋಮ್ ಅವುಗಳ ಜೊತೆ ಕ್ವಿಕ್ ಎಂಬ ಬೇರೆ ಪದ್ಧತಿಯಲ್ಲಿ ಮಾತಾಡುತ್ತದೆ, ಅದರಲ್ಲಿ ಕಟ್ಟುಗಳು ಮೊದಲೇ ಸಣ್ಣವು.

ನೋಡುವುದು ಹೀಗೆ. ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿ ತೆರೆಯಿರಿ. ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಅಡ್ಡಗೆರೆ ಎಫ್, ಜಾಗ ಬಿಟ್ಟು ಅಡ್ಡಗೆರೆ ಎಲ್, ಜಾಗ ಬಿಟ್ಟು 1472, ಮತ್ತೆ ಜಾಗ ಬಿಟ್ಟು 8.8.8.8. ಎಫ್ ಅಂದ್ರೆ ತುಂಡು ಮಾಡಬೇಡ ಅಂತ. ಇದಕ್ಕೆ ಉತ್ತರ ಬರದೆ, 1472ರ ಜಾಗದಲ್ಲಿ 1464 ಹಾಕಿದಾಗ ಬಂದರೆ ರೋಗ ಬಹುಶಃ ಇದೇ. 28 ಬೈಟ್ ತಲೆಬರಹ ಸೇರಿಸಿದರೆ 1464 ಹೋಗಿ 1492 ಆಗುತ್ತದೆ. 1464ಕ್ಕೂ ಉತ್ತರ ಇಲ್ಲದಿದ್ದರೆ ಹತ್ತತ್ತು ಕಡಿಮೆ ಮಾಡುತ್ತಾ ಹೋಗಿ, ಬಂದ ಅಂಕಿಗೆ 28 ಕೂಡಿಸಿ. ರೂಟರ್‌ನ ಪುಟ ಹೆಚ್ಚಾಗಿ 192.168.1.1ರಲ್ಲಿ ತೆರೆಯುತ್ತದೆ. ಅಲ್ಲಿ ವ್ಯಾನ್ (WAN) ಸೆಟ್ಟಿಂಗ್ ಒಳಗೆ ಎಂಟಿಯು ಎಂದಿರುವ ಕಡೆ ಆ ಮೊತ್ತ ಹಾಕಿ, ಸೇವ್ ಮಾಡಿ, ರೂಟರ್ ಆಫ್ ಮಾಡಿ ಆನ್ ಮಾಡಿ.

ಆಯಿತೋ ಇಲ್ಲವೋ ಒಂದು ಸಾಲು ಬರೆಯಿರಿ. ಆಗದಿದ್ದರೆ ರೂಟರ್‌ನ ಆ ಪುಟದ ಫೋಟೋ ತೆಗೆದು ಕಳಿಸಿ, ಪಾಸ್‌ವರ್ಡ್ ಕಾಣುವ ಜಾಗದ ಮೇಲೆ ಒಂದು ಚೀಟಿ ಅಂಟಿಸಿಕೊಂಡು.